ರೀ, ಬಿರಡೆ!

ನಮ್ಮ ಮನೆಯ ಮಾಲೀಕರಾದ ಮುನಿನಾರಾಯಣಪ್ಪನವರ ಬಗ್ಗೆ ನಾನು ಒಂದೇ ಒಂದು ಕೆಟ್ಟ ಮಾತು ಆಡುವವನಲ್ಲ. ಅವರ ಮಹಡಿ ಮನೆಯಲ್ಲಿ ಬಾಡಿಗೆಗೆ ಇರುವವನು ನಾನು. ಜೀವನ್ ಬಿಮಾ ನಗರದಲ್ಲಿ ಗಾಳಿ, ಬೆಳಕು, ನೀರು ಮೂರೂ ಇರುವ ಮನೆ ಸಿಕ್ಕ ಮೇಲೆ ಮನುಷ್ಯನಿಗೆ ಸ್ವತಂತ್ರ ಅಭಿಪ್ರಾಯ ಇರಬಾರದು ಎಂಬುದು ನನ್ನ ಅನುಭವ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ನಡೆದ ಸಂಗತಿ, ಅಷ್ಟೇ. ಅಭಿಪ್ರಾಯ ಎಲ್ಲಾದರೂ ಕಂಡರೆ ಅದು ಓದುವವರದು.

ಮುನಿನಾರಾಯಣಪ್ಪನವರು ವಿಮಾನಪುರದ ಕಾರ್ಖಾನೆಯಲ್ಲಿ ಮೀಸೆ ಮೂಡುವ ವಯಸ್ಸಿನಿಂದ ಮೀಸೆ ನೆರೆಯುವವರೆಗೆ ಯಂತ್ರಗಳಿಗೆ ಎಣ್ಣೆ, ಗ್ರೀಸು ಹಾಕುವ ಕೆಲಸ ಮಾಡಿ ನಿವೃತ್ತರಾದವರು. ಈ ದೀರ್ಘ ತಪಸ್ಸಿನಿಂದ ಅವರಿಗೆ ಒಂದು ಸಿದ್ಧಾಂತ ಒಲಿದಿತ್ತು. ಲೋಕದಲ್ಲಿ ಇರುವುದು ಎರಡೇ ಜಾತಿ, ತಿರುಗುವ ವಸ್ತು ಮತ್ತು ತಿರುಗದ ವಸ್ತು. ತಿರುಗುವುದಕ್ಕೆ ಗ್ರೀಸು ಹಾಕಬೇಕು, ತಿರುಗದ್ದಕ್ಕೆ ನಟ್ಟು ಬಿಗಿ ಮಾಡಬೇಕು. ಇದರಾಚೆಗೆ ವೇದಾಂತವಿಲ್ಲ.

ಈ ಸಿದ್ಧಾಂತದ ಫಲವನ್ನು ನಾನೂ ಉಂಡಿದ್ದೇನೆ. ನಮ್ಮ ಕಾಂಪೌಂಡಿನ ಗೇಟು ಸದ್ದು ಮಾಡುವುದಿಲ್ಲ. ನನ್ನ ಬಾಗಿಲು ಸದ್ದು ಮಾಡುವುದಿಲ್ಲ. ಮೆಟ್ಟಿಲ ಬಾಗಿಲೂ ಮಾಡುವುದಿಲ್ಲ. ಆದ್ದರಿಂದ ಮಾಲೀಕರು ಮಹಡಿಗೆ ಬಂದದ್ದು, ಅವರು ನನ್ನ ಹಿಂದೆ ನಿಂತು "ಏನ್ ಸಾರ್, ಈ ಫ್ಯಾನು ಸ್ವಲ್ಪ ಕಿರಿಕಿರಿ ಅಂತೈತೆ?" ಎಂದು ಕೇಳಿದಾಗಲೇ ತಿಳಿಯುವುದು. ಎರಡು ಸಲ ನನ್ನ ಕೈಯಿಂದ ಕಾಫಿ ಲೋಟ ಬಿದ್ದಿದೆ. ಮೂರನೆಯ ಸಲದಿಂದ ಸ್ಟೀಲ್ ಲೋಟ ಇಟ್ಟುಕೊಂಡಿದ್ದೇನೆ.

ಅವರ ಹೆಂಡತಿ ಹಂಸಮ್ಮನವರು ಮಗಳ ಮದುವೆಯಾದ ಮೇಲೆ, ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ, ವೀಣೆ ಕಲಿಯತೊಡಗಿದರು. ಹಲಸೂರಿನ ಅವರ ತವರಿನ ಎದುರು ಮನೆಯಲ್ಲಿ ಯಾರೋ ವೀಣೆ ನುಡಿಸುತ್ತಿದ್ದರಂತೆ. ಕೊಳಾಯಿಗೆ ನೀರು ಹಿಡಿಯಲು ಹೋದ ಹುಡುಗಿ ಬಿಂದಿಗೆ ತುಂಬಿ ಹರಿದರೂ ಗಮನವಿಲ್ಲದೆ ಅದನ್ನು ಕೇಳುತ್ತ ನಿಂತು, ದಿನವೂ ಬೈಸಿಕೊಳ್ಳುತ್ತಿದ್ದಳಂತೆ. ಆ ಆಸೆ ಮದುವೆ, ಮಗು, ಅತ್ತೆ, ಎಮ್ಮೆ, ಸೈಟು, ಮನೆ ಕಟ್ಟುವುದು ಎಲ್ಲ ಮುಗಿಯುವವರೆಗೆ ಕಾದಿತ್ತು. ಅಷ್ಟು ಕಾದ ಆಸೆಯನ್ನು ಕಂಡರೆ ನನಗೆ ಗೌರವ.

ಎಲ್ಲರಿಗೂ ಹಾಗಿರಲಿಲ್ಲ. ಎದುರು ಮನೆಯ ಆಂಜನಮ್ಮನವರು, ಎಂದರೆ ಮುನಿನಾರಾಯಣಪ್ಪನವರ ಖಾಸಾ ಅಕ್ಕ, ವೀಣೆ ಆಟೋದಿಂದ ಇಳಿದ ದಿನವೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ನಮ್ಮ ಮನೇಲಿ ಶಬ್ದ ಮಾಡ್ತಿದ್ದಿದ್ದು ಬೀಸೋಕಲ್ಲು ಒಂದೇ ಕಣಮ್ಮ ಹಂಸ. ಅಟ್ಟದ ಮೇಲೈತೆ. ಬೇಕಾದ್ರೆ ಇಳಿಸ್ಕೊಡ್ತೀನಿ, ಅದನ್ನೇ ನುಡ್ಸು. ರಾಗಿನಾದ್ರೂ ಹಿಟ್ಟಾಗ್ತದೆ."

ಹಂಸಮ್ಮ ನಕ್ಕು ವೀಣೆಯನ್ನು ಒಳಗೆ ಒಯ್ದರು. ಆದರೆ ಆ ಮಾತು ವರ್ತೂರು, ಹೂಡಿ, ಕೆ.ಆರ್. ಪುರದ ನೆಂಟರನ್ನೆಲ್ಲ ಮುಟ್ಟಿತು. ಮದುವೆ ಮುಂಜಿಗಳಲ್ಲಿ "ಏನು ವಿದ್ವಾನ್ ಹಂಸಮ್ಮನೋರೇ!" ಎಂದು ಕರೆಯುವುದು ಒಂದು ವಾಡಿಕೆಯೇ ಆಯಿತು.

ಪಾಠ ಹೇಳಲು ಬರುತ್ತಿದ್ದವಳು ಸುಕನ್ಯ ಎಂಬ ಹುಡುಗಿ. ಹಂಸಮ್ಮನವರ ಮಗಳಿಗಿಂತ ಚಿಕ್ಕವಳು. ಹಂಸಮ್ಮ ಅವಳನ್ನು "ಮಿಸ್" ಎನ್ನುತ್ತಿದ್ದರು, ಅವಳು ಇವರನ್ನು "ಆಂಟಿ" ಎನ್ನುತ್ತಿದ್ದಳು. ಮಿಸ್ ಬೈದರೆ ಆಂಟಿ ತಲೆತಗ್ಗಿಸುತ್ತಿದ್ದರು. ಪಾಠ ಮುಗಿದ ಮೇಲೆ ಮಿಸ್ ಊಟ ಬಿಟ್ಟಿದ್ದಕ್ಕೆ ಆಂಟಿ ಬೈಯುತ್ತಿದ್ದರು, ಆಗ ಮಿಸ್ ತಲೆತಗ್ಗಿಸುತ್ತಿದ್ದಳು. ವ್ಯವಹಾರ ಸಮವಾಗಿತ್ತು.

ಇನ್ನು ಕಥೆಯ ಬಿರಡೆಗೆ ಬರೋಣ. ವೀಣೆಯ ತಂತಿಯನ್ನು ಬಿಗಿ ಮಾಡಿ ಸಡಿಲ ಮಾಡಲು ತುದಿಯಲ್ಲಿ ಮರದ ಗೂಟಗಳಿರುತ್ತವೆಯಲ್ಲ, ಅವೇ ಬಿರಡೆ. ಮರದ ತೂತಿನಲ್ಲಿ ಮರದ ಬಿರಡೆ. ಆ ವರ್ಷದ ಮಳೆಗೆ ಮರ ಊದಿ ಬಿರಡೆಗಳು ಕಚ್ಚಿಕೊಂಡುಬಿಟ್ಟವು. ಹಂಸಮ್ಮನವರ ಬೆರಳಿಗೆ ಜಗ್ಗುತ್ತಿರಲಿಲ್ಲ. ಹಾಗಾಗಿ ದಿನವೂ ಸಂಜೆ, ಮುನಿನಾರಾಯಣಪ್ಪನವರು ಹಾಲಿನಲ್ಲಿ ಕೂತು ಟೀವಿಯಲ್ಲಿ ಕಬಡ್ಡಿ ನೋಡುವ ಹೊತ್ತಿಗೆ, ಒಳಕೋಣೆಯಿಂದ ಕೂಗು ಬರುತ್ತಿತ್ತು.

"ರೀ, ಬಿರಡೆ!"

ಇವರು ಏಳುವರು. "ಹ್ಞೂಂ" ಎಂದು ಉಸಿರು ಬಿಗಿಹಿಡಿದು ತಿರುಗಿಸುವರು. "ಸ್ವಲ್ಪ ಏರಿಸಿ... ಜಾಸ್ತಿ ಆಯ್ತು... ಇಳಿಸಿ... ಇನ್ನೊಂಚೂರು... ಸಾಕು." ವಾಪಸ್ ಬರುವಷ್ಟರಲ್ಲಿ ಯಾರೋ ಔಟಾಗಿರುತ್ತಿದ್ದರು. ಮಹಡಿಯ ಮೇಲಿದ್ದ ನನಗೆ ಈ ಕೂಗು ಎಷ್ಟು ಒಗ್ಗಿತ್ತೆಂದರೆ, ಅದು ಕೇಳಿದ ಮೇಲೆಯೇ ನಾನು ಅನ್ನಕ್ಕೆ ಇಡುತ್ತಿದ್ದೆ.

ಆ ನವರಾತ್ರಿಗೆ ನಮ್ಮ ಬಡಾವಣೆಯ ನಿವಾಸಿಗಳ ಸಂಘದವರು ವಿಜಯದಶಮಿಯ ಬೆಳಗ್ಗೆ ಸುಕನ್ಯಳ ಶಿಷ್ಯರ ಕಾರ್ಯಕ್ರಮ ಇಟ್ಟುಕೊಂಡರು. ಹಂಸಮ್ಮನವರದು ಒಂದು ವರ್ಣ, ಒಂದು ದೇವರನಾಮ. ಜನರೆದುರು ಮೊದಲ ಸಲ. ಸುದ್ದಿ ತಿಳಿದ ನೆಂಟರು ಎರಡು ಟೆಂಪೋ ಟ್ರಾವೆಲರ್ ಮಾಡಿಕೊಂಡು ಬರುವುದಾಗಿ ಹೇಳಿ ಕಳಿಸಿದರು. ಕೇಳಲು ಬರುತ್ತಾರೋ ನಗಲು ಬರುತ್ತಾರೋ ಎಂಬ ಅನುಮಾನ ಹಂಸಮ್ಮನವರಿಗೆ ಇರಲಿಲ್ಲ. ನಗುವುದಕ್ಕೇ ಎಂದು ಅವರಿಗೆ ಗೊತ್ತಿತ್ತು. ಹೆಚ್ಚು ಹೆಚ್ಚು ಅಭ್ಯಾಸ ಮಾಡಿದರು. ಹೆಚ್ಚು ಹೆಚ್ಚು "ರೀ, ಬಿರಡೆ!" ಕೇಳಿಬಂತು. ಕಬಡ್ಡಿಯ ಸೆಮಿಫೈನಲ್ ದಿನ ಹನ್ನೊಂದು ಸಲ ಎದ್ದ ಮುನಿನಾರಾಯಣಪ್ಪನವರು ಆಗ ಒಂದು ನಿರ್ಧಾರಕ್ಕೆ ಬಂದರು.

ಬಿರಡೆ ತಿರುಗುವ ವಸ್ತು. ತಿರುಗುವುದಕ್ಕೆ ಗ್ರೀಸು ಹಾಕಬೇಕು. ಇಷ್ಟು ದಿನ ಹೊಳೆದಿರಲಿಲ್ಲವಲ್ಲ!

ಮಾರನೆಯ ದಿನ ಶಿವಾಜಿನಗರಕ್ಕೆ ಹೊರಟರು. ತರಕಾರಿ ತರಲೆಂದು ನಾನೂ ಜೊತೆಗೆ ಹೋಗಿದ್ದೆ. ಅಲ್ಲಿ ಗಲ್ಲಿಯೊಳಗೆ ಅವರ ಹಳೆಯ ಸ್ನೇಹಿತ ಅಕ್ತರ್ ಅವರ ಅಂಗಡಿ. ಬೇರಿಂಗು, ನಟ್ಟು, ಬೋಲ್ಟು, ಎಣ್ಣೆ, ಗ್ರೀಸು ತುಂಬಿದ, ಗಿರಾಕಿ ಒಳಗೆ ಹೋದರೆ ಮಾಲೀಕ ಹೊರಗೆ ಬರಬೇಕಾದಷ್ಟು ವಿಶಾಲವಾದ ಅಂಗಡಿ.

"ಆವೋ ನಾರಾಯಣಪ್ಪ ಭಾಯ್! ಏನ್ ಬೇಕು?"

"ಒಳ್ಳೇ ಗ್ರೀಸ್ ಬೇಕು ಭಾಯ್. ಫಸ್ಟ್ ಕ್ಲಾಸ್."

"ಯಾವ ಗಾಡಿಗೆ?"

"ಗಾಡಿಗಲ್ಲ, ವೀಣೆಗೆ."

ಅಕ್ತರ್ ಗಡ್ಡ ಸವರಿಕೊಂಡರು. ವ್ಯಾಪಾರಿ ಆಶ್ಚರ್ಯಪಡಬಾರದು ಎಂಬ ನಿಯಮವನ್ನು ಅವರು ಪಾಲಿಸುತ್ತಿದ್ದರು.

"ಅಚ್ಛಾ. ಎಷ್ಟು ಸ್ಪೀಡಲ್ಲಿ ತಿರುಗುತ್ತೆ?"

ಮುನಿನಾರಾಯಣಪ್ಪನವರು ಲೆಕ್ಕ ಹಾಕಿದರು. "ದಿನಕ್ಕೆ ಕಾಲು ಸುತ್ತು."

"ಅರೇ, ಇಷ್ಟು ಸ್ಲೋ! ಲೋಡ್?"

"ಒಂದ್ ತಂತಿ."

"ಟೆಂಪರೇಚರ್?"

"ನಾರ್ಮಲ್ಲು. ಫ್ಯಾನ್ ಹಾಕ್ಕೊಂಡೇ ನುಡಿಸ್ತಾಳೆ."

ಅಕ್ತರ್ ಏಣಿ ಹತ್ತಿ ಮೇಲಿನ ಅಟ್ಟಣಿಗೆಯಿಂದ ಒಂದು ಹಸಿರು ಡಬ್ಬಿ ಇಳಿಸಿದರು. "ಇದು ಕ್ರೇನಿಗೆ ಹಾಕೋ ಮಾಲು. ಟಿನ್ ಫ್ಯಾಕ್ಟರಿ ಹತ್ರ ರೋಡಿಗೆ ಬಳಿದ್ರೆ ಟ್ರಾಫಿಕ್ ಕೂಡ ಜಾರ್ಕೊಂಡು ಹೋಗುತ್ತೆ. ಭಾಬೀಜಾನ್‌ಗೆ ನನ್ನ ಗಿಫ್ಟು. ಪ್ರೋಗ್ರಾಮಿಗೆ ನಾನೂ ಖುರ್ಷೀದಾನೂ ಬರ್ತೀವಿ."

ಆಯುಧಪೂಜೆಯ ದಿನ ಬಂತು. ನಮ್ಮ ಬಡಾವಣೆಯ ಸಭಾಂಗಣದಲ್ಲಿ ಪ್ರತಿ ವರ್ಷ ಅಂದೇ ಸರಸ್ವತಿಗೂ ಪೂಜೆ. ಮಕ್ಕಳ ಪುಸ್ತಕ, ವಾದ್ಯ, ಎಲ್ಲವನ್ನೂ ದೇವಿಯ ಮುಂದೆ ಇಡುತ್ತಾರೆ. ಒಮ್ಮೆ ಮಂಗಳಾರತಿ ಆದಮೇಲೆ ಮಾರನೆಯ ಬೆಳಗ್ಗೆ ಪೂಜೆ ಮಾಡಿ ಕದಲಿಸುವವರೆಗೆ ಯಾರೂ ಏನನ್ನೂ ಮುಟ್ಟುವಂತಿಲ್ಲ. ಮಕ್ಕಳಿಗೆ ಬಹಳ ಪ್ರೀತಿಯ ಹಬ್ಬ ಇದು, ಗಣಿತದ ಪುಸ್ತಕವನ್ನು ಮೊದಲು ತಂದಿಡುತ್ತಾರೆ.

ಹಂಸಮ್ಮ ಮನೆಯಲ್ಲಿ ನೆಂಟರಿಗಾಗಿ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದರು. ವೀಣೆಯನ್ನು ಹೊತ್ತುಕೊಂಡು ಸಭಾಂಗಣಕ್ಕೆ ಬಂದವರು ಮುನಿನಾರಾಯಣಪ್ಪನವರು. ಜಮಖಾನ ಹಾಸಿದರು, ಹಳೆಯ ಖಾಕಿ ಅಂಗಿ ತೊಟ್ಟರು, ಹಸಿರು ಡಬ್ಬಿ ತೆರೆದರು. "ಯಂತ್ರಾನ ಟೆನ್ಷನ್ ಮೇಲೆ ಇಡಬಾರ್ದು" ಎಂದು ಮೊದಲು ತಂತಿಗಳನ್ನೆಲ್ಲ ಸಡಿಲ ಬಿಟ್ಟರು. ಒಂದೊಂದೇ ಬಿರಡೆ ಕಿತ್ತರು, ತೂತಿನೊಳಗೆ ಬೆರಳು ತುಂಬ ಗ್ರೀಸು ತುಂಬಿದರು, ಬಿರಡೆಗೂ ಬಳಿದರು, ಮತ್ತೆ ಕೂರಿಸಿದರು. ಕಿರುಬೆರಳಿನಿಂದ ತಳ್ಳಿದರು. ಬಿರಡೆ ಗಿರಗಿರನೆ ತಿರುಗಿತು.

ಸಂಘದ ಕಾರ್ಯದರ್ಶಿ ವಸಂತ್ ಅಲ್ಲೇ ಸೀರಿಯಲ್ ಸೆಟ್ ಕಟ್ಟಿಸುತ್ತಿದ್ದ. ಅವನಿಗೆ ಇದನ್ನು ಕಂಡು ಪರಮಾನಂದವಾಯಿತು.

"ಸೂಪರ್ ಅಂಕಲ್! ನನ್ನ ಮಗಳ ವಯಲಿನ್‌ದೂ ಇದೇ ಪ್ರಾಬ್ಲಂ. ಫ್ರೀ ಸರ್ವಿಸ್ ಕ್ಯಾಂಪ್ ಅಂತ ಗ್ರೂಪಲ್ಲಿ ಹಾಕ್ಬಿಡ್ಲಾ?"

ಹಾಕಿಯೇಬಿಟ್ಟ. ಅರ್ಧ ಗಂಟೆಯಲ್ಲಿ ಸರತಿ ನಿಂತಿತು. ವಯಲಿನ್‌ಗಳು ಬಂದವು. ಮೊದಲೇ ಅಲ್ಲಿಟ್ಟಿದ್ದ ಸುಕನ್ಯಳ ತಂಬೂರಿ ಕೈಗೆ ಸಿಕ್ಕಿತು, ಅದಕ್ಕೂ ಆಯಿತು. ಯಾರೋ ಮಿಕ್ಸಿ ತಂದರು. ಒಬ್ಬರು ತಮ್ಮ ಮೊಣಕಾಲು ತೋರಿಸಿ "ಇದಕ್ಕೇನಾದ್ರೂ ಆಗುತ್ತಾ?" ಎಂದು ಕೇಳಿದರು. ಮುನಿನಾರಾಯಣಪ್ಪನವರ ಮುಖ ನೋಡಬೇಕಿತ್ತು. ನಿವೃತ್ತಿಯಾದ ಮೇಲೆ ಅಷ್ಟು ಸಂತೋಷವಾಗಿ ಅವರನ್ನು ನಾನು ಕಂಡಿರಲಿಲ್ಲ. ಡಬ್ಬಿ ಖಾಲಿಯಾದಾಗ ಕೈ ತೊಳೆದುಕೊಂಡು ವಾದ್ಯಗಳನ್ನೆಲ್ಲ ಸಾಲಾಗಿ ದೇವಿಯ ಮುಂದಿಟ್ಟರು. ಆಂಜನಮ್ಮನವರ ನೇತೃತ್ವದಲ್ಲಿ ಪೂಜೆಯಾಯಿತು, ಮಂಗಳಾರತಿಯಾಯಿತು, ಕುಂಬಳಕಾಯಿ ಒಡೆಯಿತು.

ಪ್ರಸಾದಕ್ಕೆ ಕೈ ಒಡ್ಡುವ ಹೊತ್ತಿಗೆ ಸುಕನ್ಯ ಬಂದಳು.

"ಮಿಸ್, ನಿಮ್ಮ ತಂಬೂರಿ ಬಿರಡೆ ಇನ್ಮೇಲೆ ಒಂದೇ ಬೆರಳಲ್ಲಿ ತಿರುಗುತ್ತೆ ನೋಡಿ!" ಎಂದರು ಮುನಿನಾರಾಯಣಪ್ಪ.

"ಹೌದಾ? ಏನ್ ಮಾಡಿದ್ರಿ ಅಂಕಲ್? ಸೀಮೆಸುಣ್ಣ ಹಚ್ಚಿದ್ರಾ?"

"ಸೀಮೆಸುಣ್ಣ ಯಾವ ಕಾಲದ್ದು! ಗ್ರೀಸ್ ಹಾಕ್ದೆ. ಕ್ರೇನ್‌ದು."

ಸುಕನ್ಯಳ ಕೈಯಿಂದ ಕಡಲೆ ಉಸಲಿ ನೆಲಕ್ಕೆ ಬಿತ್ತು. ಅವಳು ಗೋಡೆಗೆ ಒರಗಿ ಮೆಲ್ಲನೆ ಕೂತಳು.

"ಅಂಕಲ್... ಬಿರಡೆ ತಿರುಗಿದ್ರೆ ಸಾಲ್ದು ಅಂಕಲ್. ತಿರುಗಿಸಿದಾಗ ತಿರುಗ್ಬೇಕು, ಬಿಟ್ಟಾಗ ನಿಂತ್ಕೋಬೇಕು. ಅಷ್ಟು ಬಿಗಿ ತಂತಿ ಎಳೀತಾ ಇರುತ್ತಲ್ಲ! ಮರಕ್ಕೆ ಮರ ಕಚ್ಚಿದ್ರೇನೇ ಶ್ರುತಿ ನಿಲ್ಲೋದು. ಗ್ರೀಸ್ ಹಾಕಿದ್ರೆ ಜಾರ್ಕೊಂಡು ವಾಪಸ್ ಬಂದ್ಬಿಡುತ್ತೆ."

ತಿರುಗಲೂ ಬೇಕು, ನಿಲ್ಲಲೂ ಬೇಕು! ಇಂಥದೊಂದು ಮೂರನೆಯ ಜಾತಿ ಲೋಕದಲ್ಲಿ ಇದೆಯೆಂದು ಮುನಿನಾರಾಯಣಪ್ಪನವರಿಗೆ ಯಾರೂ ಹೇಳಿರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. "ಹಂಸಂಗೆ ಹೇಳ್ಬೇಡಿ ಮಿಸ್" ಎಂದು ಸಣ್ಣ ಧ್ವನಿಯಲ್ಲಿ ಅಂದು, ನೇರವಾಗಿ ದೇವಿಯ ಕಡೆಗೆ ನಡೆದರು.

ದೇವಿಯ ಮುಂದೆ ಕುರ್ಚಿ ಹಾಕಿಕೊಂಡು ಆಂಜನಮ್ಮ ಕೂತಿದ್ದರು.

"ಅಕ್ಕ, ಒಂದ್ ನಿಮಿಷ ಆ ವೀಣೆ..."

"ಮುಟ್ಟಂಗಿಲ್ಲ."

"ವೀಣೆ ಮುಟ್ಟಲ್ಲ ಅಕ್ಕ. ಬಿರಡೆ ಮಾತ್ರ ಕಿತ್ಕೋತೀನಿ."

"ನಿನ್ನ ಕಿವಿ ಹಿಡ್ಕೊಂಡ್ರೆ ನಿನ್ನ ಹಿಡ್ಕೊಂಡಂಗಲ್ವೇನೋ?"

"ಅದಕ್ಕೆ ಸ್ವಲ್ಪ ತೊಂದ್ರೆ ಆಗೈತೆ ಅಕ್ಕ. ನಾಳೆ ಹಂಸ..."

"ಅಲ್ಲಿ ಕೂತಿರೋಳು ಯಾರು? ಸರಸ್ವತಿ. ಕೈಯಾಗೆ ಏನೈತೆ? ವೀಣೆ. ತೊಂದ್ರೆ ಇದ್ರೆ ಅವಳೇ ನೋಡ್ಕೋತಾಳೆ, ನಿನಗಿಂತ ಅವಳಿಗೆ ಗೊತ್ತು. ನಾಳೆ ಕದಲಿಸೋವರ್ಗೂ ಒಂದ್ ಹುಲ್ಲುಕಡ್ಡಿ ಅಲ್ಲಾಡ್ಸಿದ್ರೂ ಕೈ ಮುರೀತೀನಿ."

ವಸಂತನ ಮೊರೆ ಹೊಕ್ಕದ್ದಾಯಿತು. ಅವನು "ಅಂಕಲ್, ಪೂಜೆ ಕಮಿಟಿ ಮ್ಯಾಟರ್‌ನಲ್ಲಿ ಸಂಘ ಇಂಟರ್‌ಫಿಯರ್ ಆಗಲ್ಲ. ಅಂದ್ರೆ, ಆಂಜನಮ್ಮಜ್ಜಿ ಹತ್ರ ಮಾತಾಡೋ ಧೈರ್ಯ ನಂಗಿಲ್ಲ" ಎಂದು ಪ್ರಾಮಾಣಿಕವಾಗಿ ಹೇಳಿದ. ಅತ್ತ ದರಿ, ಇತ್ತ ಪುಲಿ. ಮುನಿನಾರಾಯಣಪ್ಪನವರು ಮನೆಗೆ ಬಂದು, ಹೆಂಡತಿ ಕೊಟ್ಟ ಒಬ್ಬಟ್ಟನ್ನು ತಟ್ಟೆಯಲ್ಲಿ ಸುತ್ತಿಸುತ್ತ ಕೂತರಂತೆ. "ಗ್ರೀಸ್ ವಾಸ್ನೆ ಬರ್ತಾ ಐತಲ್ಲ?" ಎಂದು ಹಂಸಮ್ಮ ಕೇಳಿದ್ದಕ್ಕೆ "ಆಯುಧಪೂಜೆ ಅಲ್ವೇ" ಎಂದರಂತೆ. ಸುಳ್ಳೇನಲ್ಲ.

ವಿಜಯದಶಮಿಯ ಬೆಳಗ್ಗೆ ಆಂಜನಮ್ಮನವರು ಎಂದಿಗಿಂತ ವಿಸ್ತಾರವಾಗಿ ಪೂಜೆ ಮಾಡಿಸಿದರು. ಅಷ್ಟರಲ್ಲಿ ಎರಡೂ ಟೆಂಪೋ ಟ್ರಾವೆಲರ್ ಬಂದು ನಿಂತವು. ಮುಖ್ಯ ಅತಿಥಿಗಳಾದ ಮಾಜಿ ಕಾರ್ಪೊರೇಟರ್, ಬಡಾವಣೆಯ ಚರಿತ್ರೆಯಲ್ಲೇ ಮೊದಲ ಬಾರಿಗೆ, ಹೇಳಿದ ಸಮಯಕ್ಕಿಂತ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡಿಕೊಂಡರು. ದೇವಿಯನ್ನು ಕದಲಿಸಿದ ಕ್ಷಣವೇ ಮುನಿನಾರಾಯಣಪ್ಪ, ಸುಕನ್ಯ ಮತ್ತು ನಾನು ವಾದ್ಯಗಳ ಮೇಲೆ ಬಿದ್ದೆವು.

ಬಟ್ಟೆಯಿಂದ ಒರೆಸಿದೆವು. ಸೀಮೆಎಣ್ಣೆಯಿಂದ ತಿಕ್ಕಿದೆವು. ಮಕ್ಕಳು ಪೂಜೆಯಿಂದ ವಾಪಸ್ ಪಡೆದ ಸೀಮೆಸುಣ್ಣವನ್ನೆಲ್ಲ ಪುಡಿ ಮಾಡಿ ತುಂಬಿದೆವು. ಸೀಮೆಸುಣ್ಣ ಮುಗಿದಾಗ ರಂಗೋಲಿ ಪುಡಿ ತುಂಬಿದೆವು. ತಂಬೂರಿ ನಿಲ್ಲಲಿಲ್ಲ, ಅದನ್ನು ಬಿಟ್ಟು ಮೊಬೈಲಿನಲ್ಲಿ ಶ್ರುತಿ ಹಾಕಿಕೊಳ್ಳುವುದೆಂದಾಯಿತು. ವಯಲಿನ್‌ಗಳೂ ನಿಲ್ಲಲಿಲ್ಲ. ತಮ್ಮ ಕಾರ್ಯಕ್ರಮ ರದ್ದಾಯಿತೆಂದು ತಿಳಿದ ಮಕ್ಕಳು "ಥ್ಯಾಂಕ್ಸ್ ತಾತಾ!" ಎಂದು ಮುನಿನಾರಾಯಣಪ್ಪನವರನ್ನು ಅಪ್ಪಿಕೊಂಡು ಓಡಿದರು. ಅಂದು ಅವರಿಗೆ ಸಂದ ಮೊದಲ ಪ್ರಶಸ್ತಿ ಅದು.

ವೀಣೆಯ ಬಿರಡೆಗಳು ಒಂದೊಂದಾಗಿ ನಿಂತವು. ಒಂದೇ ಒಂದು ನಿಲ್ಲಲಿಲ್ಲ. ಅದು ಸಾರಣಿ ತಂತಿಯದು, ಎಂದರೆ ಹಾಡನ್ನೆಲ್ಲ ನುಡಿಸುವ ಮುಖ್ಯ ತಂತಿಯದು. ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಪ್ರೀತಿಯಿಂದ, ಎಲ್ಲಕ್ಕಿಂತ ಹೆಚ್ಚು ಗ್ರೀಸು ಬಿದ್ದದ್ದು ಅದಕ್ಕೇ.

ಅಕ್ತರ್ ದಂಪತಿಗಳು ಆಗಷ್ಟೇ ಬಂದರು. ಅಕ್ತರ್ ಬಗ್ಗಿ ನೋಡಿದರು. "ಮಾಲು ಒಳ್ಳೇದು ಅಂತ ಹೇಳಿದ್ನಲ್ಲ" ಎಂದು ಮೊದಲು ಹೆಮ್ಮೆಪಟ್ಟರು. ಆಮೇಲೆ ವಿಷಯ ತಿಳಿದು "ಒಂದು ಲಾಕ್‌ನಟ್ ಹಾಕ್ಬಿಡೋಣ ಭಾಯ್, ಸ್ಕೂಟರಲ್ಲಿ ಇದೆ" ಎಂದರು. ಅವರ ಹೆಂಡತಿ ಖುರ್ಷೀದಾ ಗಂಡನ ತೋಳು ಹಿಡಿದು ಕುರ್ಚಿಯ ಕಡೆಗೆ ಎಳೆದುಕೊಂಡು ಹೋದರು. "ಚುಪ್ ಬೈಠೋ ಜೀ. ನಿಮ್ಮ ಗ್ರೀಸ್ ಸಾಕು" ಎಂದದ್ದು ನನಗೂ ಕೇಳಿಸಿತು.

ಹಂಸಮ್ಮ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ಬಂದು ವೀಣೆಯ ಮುಂದೆ ಕೂತರು. ತಂತಿ ಮೀಟಿದರು. ಶ್ರುತಿ ಸರಿಯಿತ್ತು. ಸ್ವರ ವಾಲಿಸಲು ತಂತಿಯನ್ನು ಒಂದು ಸಲ ಪಕ್ಕಕ್ಕೆ ಎಳೆದರು. ಬಿರಡೆ ತಿರುಗಿ ತಂತಿ ಜೋಲುಬಿದ್ದಿತು. ಅವರು ಬಿರಡೆ ಮುಟ್ಟಿ ಬೆರಳನ್ನು ಮೂಸಿ ನೋಡಿದರು. ಮದುವೆಯಾದ ದಿನದಿಂದ ಅಂಗಿಗಳಿಂದ ಒಗೆದು ಒಗೆದು ಗೊತ್ತಿದ್ದ ವಾಸನೆ ಅದು.

"ರೀ. ಎಷ್ಟು ಹಚ್ಚಿದ್ರಿ?"

"ಸ್ವಲ್ಪ... ಧಾರಾಳವಾಗೇ."

ಹಂಸಮ್ಮನವರ ಕಣ್ಣು ತುಂಬಿಬಂತು. ಮುಂದಿನ ಸಾಲಿನಲ್ಲಿ ಆಂಜನಮ್ಮ, ಹಿಂದೆ ಹೂಡಿಯವರು, ವರ್ತೂರಿನವರು, ಕೆ.ಆರ್. ಪುರದವರು ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಿದ್ದರು. "ನಗೋಕೆ ಅಂತಾನೇ ಬಂದವ್ರೆ ಎಲ್ಲಾರೂ. ನೀವೇ ನಗ್ಸಿಬಿಟ್ರಲ್ಲ" ಎಂದರು ಹಂಸಮ್ಮ. ಜೋರಾಗಿ ಬೈದಿದ್ದರೆ ಮುನಿನಾರಾಯಣಪ್ಪನವರಿಗೆ ಸುಲಭವಾಗುತ್ತಿತ್ತು.

ಅವರು ವಾದ್ಯ ಒರೆಸಲೆಂದು ಮತ್ತೆ ತೊಟ್ಟಿದ್ದ ಖಾಕಿ ಅಂಗಿಯ ತೋಳು ಮಡಚಿದರು. ವೇದಿಕೆ ಹತ್ತಿ ವೀಣೆಯ ಎಡತುದಿಗೆ, ಬಿರಡೆಯ ಪಕ್ಕಕ್ಕೆ, ಚಕ್ಕಳಮಕ್ಕಳ ಹಾಕಿ ಕೂತರು.

"ನಾನ್ ಹಿಡ್ಕೊಂಡಿರ್ತೀನಿ ಹಂಸಾ. ನೀನ್ ನುಡ್ಸು."

ಸುಕನ್ಯ ಗಾಬರಿಯಿಂದ ಬಂದು ಕಿವಿಯಲ್ಲಿ ಹೇಳಿದಳು: "ಅಂಕಲ್, ಸುಮ್ನೆ ಹಿಡ್ಕೊಂಡ್ರೆ ಆಗಲ್ಲ. ಆಂಟಿ ತಂತಿ ಎಳೆದಾಗೆಲ್ಲ ನೀವು ಒಳಕ್ಕೆ ಒತ್ಬೇಕು. ಮುಂಚೆ ಒತ್ತಿದ್ರೆ ಶ್ರುತಿ ಏರುತ್ತೆ, ಲೇಟಾದ್ರೆ ಇಳಿಯುತ್ತೆ."

"ಯಾವಾಗ ಎಳೀತಾಳೆ ಅಂತ ಹೆಂಗೆ ಗೊತ್ತಾಗೋದು?"

"ಅದು... ಗೊತ್ತಾಗಲ್ಲ ಅಂಕಲ್" ಎಂದು ಹೇಳಿ ಅವಳು ಕಣ್ಣು ಮುಚ್ಚಿಕೊಂಡು ತಾಳ ಹಾಕಲು ಕೂತಳು.

ಖಾಕಿ ಅಂಗಿ ಚೆನ್ನಾಗಿ ಕಾಣುವುದಿಲ್ಲವೆಂದು ವಸಂತ್ ಓಡಿಬಂದು, ಮುಖ್ಯ ಅತಿಥಿಗಳಿಗೆಂದು ತಂದಿದ್ದ ಜರಿ ಶಾಲನ್ನು ಮುನಿನಾರಾಯಣಪ್ಪನವರಿಗೆ ಹೊದಿಸಿದ. ವರ್ಣ ಶುರುವಾಯಿತು.

ಮೊದಲ ಎಳೆತ ಬಂತು. ಮುನಿನಾರಾಯಣಪ್ಪನವರು ಒತ್ತಿದರು. ಶ್ರುತಿ ನಿಂತಿತು. ಎರಡನೆಯದು ಬಂತು, ನಿಂತಿತು. ಆಮೇಲೆ ಎಳೆತಗಳು ಒಂದರ ಮೇಲೊಂದು ಬಂದವು, ಉದ್ದದ್ದು, ಗಿಡ್ಡದ್ದು, ಅರ್ಧಕ್ಕೆ ಹೋಗಿ ವಾಪಸ್ ಬರುವಂಥದ್ದು. ಅವರ ಕೈ ಒಂದಕ್ಕೂ ತಪ್ಪಲಿಲ್ಲ. ಸುಕನ್ಯ ಕಣ್ಣು ಬಿಟ್ಟು ಬೆರಗಾಗಿ ನೋಡಿದಳು. ಬೆರಗೇನು ಬಂತು! ಎರಡು ವರ್ಷ ದಿನವೂ ಸಂಜೆ ಹಾಲಿನಲ್ಲಿ ಕೂತು ಈ ಮನುಷ್ಯ ಕಬಡ್ಡಿ ನೋಡುತ್ತಿದ್ದಾನೆಂದು ನಾವೆಲ್ಲ ನಂಬಿದ್ದೆವು, ಅವರೂ ನಂಬಿದ್ದರು. ಕಿವಿ ಮಾತ್ರ ಒಳಕೋಣೆಯಲ್ಲಿತ್ತು. ಆ ವರ್ಣದ ಯಾವ ಸ್ವರ ಎಲ್ಲಿ ವಾಲುತ್ತದೆ, ಹೆಂಡತಿ ಎಲ್ಲಿ ಉಸಿರು ಬಿಡುತ್ತಾಳೆ, ಎಲ್ಲಿ ಹೆದರುತ್ತಾಳೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು.

ಒತ್ತುವಾಗಲೆಲ್ಲ ಅವರ ಹುಬ್ಬು ಗಂಟಾಗುತ್ತಿತ್ತು, ತುಟಿ ಕಚ್ಚಿ ತಲೆ ಒಂದು ಕಡೆಗೆ ವಾಲುತ್ತಿತ್ತು, ಆಮೇಲೆ "ಹಾ" ಎಂದು ಸಡಿಲವಾಗುತ್ತಿತ್ತು. ಸಭೆಗೆ ಅದು ರಸಾನುಭವದ ಪರಾಕಾಷ್ಠೆಯಾಗಿ ಕಂಡಿತು. ಎಲೆ ಅಡಿಕೆಯ ಬಾಯಿಗಳು ನಿಂತವು.

"ಮುನಿನಾರಾಯಣಪ್ಪ ಯಾವಾಗ್ ಕಲ್ತ ಇದ್ನ?" ಎಂದರು ವರ್ತೂರಿನವರು.

"ಇದು ಇಬ್ರು ನುಡ್ಸೋ ವೀಣೆ ಕಣಪ್ಪ. ಅವಳು ಸ್ಟೇರಿಂಗು, ಇವನು ಗೇರು" ಎಂದು ಲಾರಿ ಇಟ್ಟಿದ್ದ ಕೆ.ಆರ್. ಪುರದವರು ವಿವರಿಸಿದರು.

"ಬಲು ಕಷ್ಟದ ಕೆಲ್ಸ. ಮುಖ ನೋಡು, ಬೆವರು ಕಿತ್ಕೊಂಡು ಬತ್ತೈತೆ" ಎಂದರು ಹೂಡಿಯವರು.

ಆಂಜನಮ್ಮ ಮಾತ್ರ ತಮ್ಮನ ಹೆಂಡತಿಯ ಬೆರಳುಗಳನ್ನೇ ನೋಡುತ್ತಿದ್ದರು.

ವರ್ಣ ಮುಗಿದು ದೇವರನಾಮ ಬಂತು. ನಡುವೆ ಒಂದು ಕಡೆ, ಮನೆಯಲ್ಲಿ ಪ್ರತಿ ಸಲವೂ ಎಡವುತ್ತಿದ್ದ ಜಾಗವೊಂದಿತ್ತು. ನನಗೂ ಗೊತ್ತು ಆ ಜಾಗ, ಮಹಡಿಯ ಮೇಲೆ ನಾನೂ ಸೌಟು ಹಿಡಿದು ಕಾಯುತ್ತಿದ್ದೆ. ಹಂಸಮ್ಮ ಅಲ್ಲಿಗೆ ಬಂದರು. ಎಡವಲಿಲ್ಲ. ನೀರು ಹರಿದ ಹಾಗೆ ದಾಟಿಬಿಟ್ಟರು.

ಮುನಿನಾರಾಯಣಪ್ಪನವರಿಗೆ ತಡೆಯಲಾಗಲಿಲ್ಲ. "ಭೇಷ್!" ಎಂದು ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿಬಿಟ್ಟರು.

ಟೊಂಯ್ ಎಂದು ತಂತಿ ಬಿತ್ತು.

"ರೀ, ಬಿರಡೆ!"

ಮೈಕು ಹಂಸಮ್ಮನವರ ಬಾಯಿಯ ಎದುರಿಗೇ ಇತ್ತು. ಆ ಕೂಗು ಸಭಾಂಗಣ ದಾಟಿ, ರಸ್ತೆ ದಾಟಿ, ಪಾರ್ಕಿನಲ್ಲಿ ಕಡಲೆಕಾಯಿ ತಿನ್ನುತ್ತಿದ್ದವರಿಗೂ ಕೇಳಿಸಿತು. ಮುನಿನಾರಾಯಣಪ್ಪನವರು ಬೆಚ್ಚಿಬಿದ್ದು ಬಿರಡೆ ಹಿಡಿದರು. "ಏರಿಸಿ... ಇನ್ನೊಂಚೂರು... ಸಾಕು" ಎಂದರು ಹಂಸಮ್ಮ, ಮನೆಯಲ್ಲಿ ಅನ್ನುವ ಹಾಗೆಯೇ. ಆಮೇಲೆ ಇಷ್ಟು ಜನ ಕೂತಿದ್ದಾರೆಂದು ಅರಿವಾಗಿ ಗಂಡನ ಮುಖ ನೋಡಿದರು. ಇಬ್ಬರಿಗೂ ನಗು ಬಂತು. ಸಭೆಯೂ ನಕ್ಕಿತು. ಆದರೆ ಅದು ಅವರು ಟೆಂಪೋದಲ್ಲಿ ತುಂಬಿಕೊಂಡು ಬಂದಿದ್ದ ನಗುವಲ್ಲ, ಬೇರೆಯದು. ನಗುತ್ತಲೇ ಎಲ್ಲರೂ ಚಪ್ಪಾಳೆ ಹೊಡೆದರು. ಹಂಸಮ್ಮ ಬಿಟ್ಟಲ್ಲಿಂದ ಎತ್ತಿಕೊಂಡು ದೇವರನಾಮ ಮುಗಿಸಿದರು.

ಮುಖ್ಯ ಅತಿಥಿಗಳು ಮಾತನಾಡಿದರು. "ಒಂದೇ ವೀಣೆಯನ್ನು ಗಂಡ ಹೆಂಡತಿ ಇಬ್ಬರೂ ಸೇರಿ ನುಡಿಸುವ ಈ ಪ್ರಾಚೀನ ಕಲೆ ನಶಿಸಿ ಹೋಗುತ್ತಿದೆ. ಇದಕ್ಕೆ ಪ್ರೋತ್ಸಾಹ ಬೇಕು" ಎಂದರು. ಶಾಲು ಅವರಿಗೆ ಸಿಗಲಿಲ್ಲ, ಅದು ಆಗಲೇ ಮುನಿನಾರಾಯಣಪ್ಪನವರ ಹೆಗಲ ಮೇಲೆ ಗ್ರೀಸು ಮೆತ್ತಿಕೊಂಡಿತ್ತು. ಇಳಿದು ಬಂದ ಹಂಸಮ್ಮನವರನ್ನು ಆಂಜನಮ್ಮ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ಚೆನ್ನಾಗ್ ನುಡಿಸ್ದೆ ಕಣಮ್ಮ. ಬೀಸೋಕಲ್ಲು ಅಟ್ಟದ ಮೇಲೇ ಇರ್ಲಿ ಬಿಡು." ತಮ್ಮನ ಕಡೆಗೆ ತಿರುಗಿದರು. "ನೋಡ್ದೇನೋ, ಸರಸ್ವತಿ ನೋಡ್ಕೋತಾಳೆ ಅಂದ್ನಲ್ಲ?"

ಆಮೇಲೆ ಸುಕನ್ಯ ವೀಣೆಯನ್ನು ಒಯ್ದು ತೂತುಗಳನ್ನು ಒಳಗಿಂದ ಶುಚಿ ಮಾಡಿಸಿ, ಬಿರಡೆಗಳಿಗೆ ಒಣ ಸೋಪು ಸ್ವಲ್ಪ, ಸೀಮೆಸುಣ್ಣ ಸ್ವಲ್ಪ ತಿಕ್ಕಿ ತಂ‌ದುಕೊಟ್ಟಳು. ಜಾರುವುದಕ್ಕೆ ಸೋಪು, ನಿಲ್ಲುವುದಕ್ಕೆ ಸುಣ್ಣ. ಬಿರಡೆಗಳು ಈಗ ಮಗುವಿನ ಕೈಗೂ ತಿರುಗುತ್ತಿದ್ದವು, ಬಿಟ್ಟಲ್ಲಿ ನಿಲ್ಲುತ್ತಿದ್ದವು.

ಅದಾದ ಮೇಲೆ ಕೆಲವು ಸಂಜೆ ಕೆಳಗಿನಿಂದ ವೀಣೆ ಮಾತ್ರ ಕೇಳಿಸಿತು. ಕೂಗು ಕೇಳಿಸಲಿಲ್ಲ. ಮುನಿನಾರಾಯಣಪ್ಪನವರು ಕಬಡ್ಡಿ ಹಾಕುತ್ತಿದ್ದರು, ಆರಿಸುತ್ತಿದ್ದರು, ಮಹಡಿಗೆ ಬಂದು ನನ್ನ ಸದ್ದಿಲ್ಲದ ಬಾಗಿಲನ್ನು ಆಚೆ ಈಚೆ ಆಡಿಸಿ ನೋಡಿ ಇಳಿದು ಹೋಗುತ್ತಿದ್ದರು. ನಾನು ಎರಡು ಸಲ ಅನ್ನಕ್ಕೆ ಇಡುವುದನ್ನೇ ಮರೆತೆ.

ಒಂದು ಮಧ್ಯಾಹ್ನ ಕರೆಂಟಿನ ಚೀಟಿ ಕೊಡಲು ಕೆಳಗೆ ಹೋದಾಗ ಕಿಟಕಿಯಿಂದ ಕಂಡೆ. ಮುನಿನಾರಾಯಣಪ್ಪನವರು ಊಟದ ನಂತರ ಮಲಗಿದ್ದರು. ಹಂಸಮ್ಮ ವೀಣೆಯ ಮುಂದೆ ಕೂತು ಎರಡೇ ಬೆರಳಿನಲ್ಲಿ ಬಿರಡೆ ತಿರುಗಿಸಿ, ಶ್ರುತಿ ಮಾಡಿ, ಮೀಟಿ ನೋಡಿ, ತಲೆದೂಗಿದರು. ಎಲ್ಲ ಸರಿಯಾಗಿತ್ತು.

ಆಮೇಲೆ ಅವರು ಅದೇ ಎರಡು ಬೆರಳಿನಿಂದ ಬಿರಡೆಯನ್ನು ಚೂರು ಹಿಂದಕ್ಕೆ ತಿರುಗಿಸಿ ಶ್ರುತಿ ಕೆಡಿಸಿ, ವೀಣೆಗೆ ಬಟ್ಟೆ ಹೊದಿಸಿ ಎದ್ದುಹೋದರು.

ಸಂಜೆ ಕಬಡ್ಡಿಯ ಹೊತ್ತಿಗೆ ಕೂಗು ಬಂತು.

"ರೀ, ಬಿರಡೆ!"

ಕುರ್ಚಿ ಸರಿದ ಸದ್ದು. ದಡದಡ ಹೆಜ್ಜೆ. ಆಮೇಲೆ ಕಲ್ಲು ಎತ್ತುವವರ ಹಾಗೆ ದೀರ್ಘವಾದ "ಹ್ಞೂಂ". ನಾನು ಅನ್ನಕ್ಕೆ ಇಟ್ಟೆ.

ಮಾರನೆಯ ದಿನ ಗೇಟಿನ ಹತ್ತಿರ ಸಿಕ್ಕ ಮುನಿನಾರಾಯಣಪ್ಪನವರು ಗಂಭೀರವಾಗಿ ಹೇಳಿದರು: "ಆ ಮಿಸ್ ಏನೋ ಸೋಪು ಗೀಪು ಹಚ್ಕೊಟ್ಲು ಸಾರ್. ಆದ್ರೂ ಬಿರಡೆ ಇನ್ನೂ ಬಿಗಿ ಐತೆ. ನಾನಿಲ್ದೆ ಹೋದ್ರೆ ಅವಳ ಕೈಲಿ ಆಗಲ್ಲ."

ನಾನು ಅವರ ಬಾಡಿಗೆದಾರ. ಹೌದು ಎಂದೆ.